ಊದು, ಇಲ್ಲವೇ ಲಾಕಪ್ಪಿನಲ್ಲಿ ಮಲಗು

ಓದುಗರೊಬ್ಬರು ಕೇಳಿದ್ದಾರೆ: ‘ಡ್ರಂಕ್ ಅಂಡ್ ಡ್ರೈವ್‌ಗೆ ದಂಡ ಎರಡು ಸಾವಿರದಿಂದ ಹತ್ತು ಸಾವಿರಕ್ಕೆ ಏರಿದೆ. ಆದರೂ ಒಮ್ಮೆ ಸಿಕ್ಕಿಬಿದ್ದವರೇ ಮತ್ತೆ ಸಿಕ್ಕಿಬೀಳುತ್ತಾರಲ್ಲ! ಇಂಥವರನ್ನು ಜೈಲಿಗೆ ಹಾಕಬೇಕೋ, ಆಸ್ಪತ್ರೆಗೆ ಸೇರಿಸಬೇಕೋ?’

ಇದೇ ಪ್ರಶ್ನೆಗೆ ಅಮೆರಿಕದ ಸೌತ್ ಡಕೋಟಾ ರಾಜ್ಯದಲ್ಲೊಬ್ಬ ಸರ್ಕಾರಿ ವಕೀಲ ತನ್ನದೇ ಉತ್ತರ ಹುಡುಕಿಕೊಂಡ. ಹೆಸರು ಲ್ಯಾರಿ ಲಾಂಗ್. 1980ರ ದಶಕದಲ್ಲಿ ಬೆನೆಟ್ ಕೌಂಟಿ ಎಂಬ ಹಿಂದುಳಿದ ಮೂಲೆಯಲ್ಲಿ ಕೆಲಸ. ಕುಡಿದು ಸಿಕ್ಕಿಬಿದ್ದವರಿಗೆ ‘ಇನ್ನು ಕುಡಿಯಕೂಡದು’ ಎಂದು ಕೋರ್ಟು ಷರತ್ತು ಹಾಕುತ್ತಿತ್ತು, ಅದನ್ನು ಪರೀಕ್ಷಿಸುವವರು ಮಾತ್ರ ಯಾರೂ ಇರಲಿಲ್ಲ. ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ಶೆರಿಫ್ ಕಚೇರಿಗೆ ಬಂದು ಊದಿ ಹೋಗಿ ಎಂದ ಲಾಂಗ್. ವಾಸನೆ ಬಂತೋ, ಆ ಕ್ಷಣವೇ ಲಾಕಪ್ಪು. ಮುಂದೆ ರಾಜ್ಯದ ಅಟಾರ್ನಿ ಜನರಲ್ ಆದಾಗ, 2005ರಲ್ಲಿ, ಇದನ್ನೇ ‘24/7 ಸೊಬ್ರೈಟಿ’ ಎಂಬ ಯೋಜನೆಯಾಗಿ ಶುರುಮಾಡಿದ. ಒಂದು ಸಲ ಊದಲು ಒಂದು ಡಾಲರ್, ಅದೂ ಆರೋಪಿಯ ಜೇಬಿನಿಂದಲೇ. ದೂರದ ಹಳ್ಳಿಯವರ ಕಾಲಿಗೆ ಬಳೆಯಂಥ ಸಾಧನ ಬಿಗಿದರು. ಬೆವರಿನ ಆವಿಯಲ್ಲಿ ಆಲ್ಕೋಹಾಲ್ ಇದೆಯೇ ಎಂದು ಅದು ಅರ್ಧ ಗಂಟೆಗೊಮ್ಮೆ ನೋಡುತ್ತದೆ.

ದಿನಕ್ಕೆ ಎರಡೇ ಸಲ ಸಾಕೇ? ಇದಕ್ಕೆ ಉತ್ತರ ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಎಂಬ ವಿಜ್ಞಾನಿ 1932ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿದೆ. ಹೆಚ್ಚಿನ ಔಷಧಗಳು ರಕ್ತದಲ್ಲಿ ಹೆಚ್ಚಿದ್ದಷ್ಟೂ ವೇಗವಾಗಿ ಕರಗುತ್ತವೆ. ಆಲ್ಕೋಹಾಲ್ ಹಾಗಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ತೂಗುವವನು ಒಬ್ಬನೇ ಎಂದುಕೊಳ್ಳಿ. ಹೊರಗೆ ಹತ್ತು ಜನ ನಿಂತಿರಲಿ, ನೂರು ಜನ ನಿಂತಿರಲಿ, ಅವನ ಕೈ ಓಡುವಷ್ಟೇ ಓಡುತ್ತದೆ. ಗದರಿದರೂ ಅಷ್ಟೇ, ಗೋಗರೆದರೂ ಅಷ್ಟೇ. ಯಕೃತ್ತಿನ ಕಿಣ್ವವೂ ಹೀಗೆಯೇ. ಗಂಟೆಗೆ ಸುಮಾರು 15 ಮಿಲಿಗ್ರಾಂ (100 ಮಿಲಿಲೀಟರ್ ರಕ್ತಕ್ಕೆ) ಇಳಿಸುತ್ತದೆ, ನಿತ್ಯ ಕುಡಿಯುವವರಲ್ಲಿ ತುಸು ಹೆಚ್ಚು. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರಿನ ಸ್ನಾನ, ಯಾವುದೂ ಆ ಸಾಲನ್ನು ಮುಂದಕ್ಕೆ ತಳ್ಳುವುದಿಲ್ಲ. ಗಂಟೆಗೆ 15ರ ಲೆಕ್ಕದಲ್ಲಿ, ರಾತ್ರಿ ಹತ್ತಕ್ಕೆ ರಕ್ತದಲ್ಲಿ 150 ಮಿಲಿಗ್ರಾಂ ಇದ್ದವನು ಬೆಳಿಗ್ಗೆ ಏಳಕ್ಕೆ ಊದಿದರೂ ಸಿಕ್ಕಿಬೀಳುತ್ತಾನೆ. ಸಂಜೆ ಊದಿದ ಮೇಲೆ ಒಂದು ಸಣ್ಣ ಪೆಗ್ ಹಾಕಿದವನು ತಪ್ಪಿಸಿಕೊಳ್ಳಬಹುದು, ನಿಜ. ಲಾಂಗ್‌ಗೆ ಬೇಕಾಗಿದ್ದವನು ಅವನಲ್ಲ, ಅಮಲೇರುವಷ್ಟು ಕುಡಿಯುವವನು.

ನಿಗದಿಯಾದ ಪರೀಕ್ಷೆಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಸಲ ಜನ ಬಂದು, ಊದಿ, ಪಾಸಾದರು. ಒಂದಕ್ಕಿಂತ ಹೆಚ್ಚು ಸಲ ಕುಡಿದು ಗಾಡಿ ಓಡಿಸಿ ಸಿಕ್ಕವರೇ ಇವರಲ್ಲಿ ಬಹಳ! ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ಬೋ ಕಿಲ್ಮರ್ ಮತ್ತು ಸಂಗಡಿಗರು 2013ರಲ್ಲಿ ಲೆಕ್ಕ ಹಾಕಿದಂತೆ, ಯೋಜನೆ ಬಂದ ಕೌಂಟಿಗಳಲ್ಲಿ ಮತ್ತೆ ಕುಡಿದು ಓಡಿಸಿ ಬಂಧನಕ್ಕೊಳಗಾಗುವುದು ಶೇ 12, ಮನೆಯೊಳಗಿನ ಹೊಡೆತ-ಬಡಿತದ ಬಂಧನ ಶೇ 9 ಇಳಿಯಿತು. ಎರಡನೆಯ ಅಂಕಿಯನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಡಿಎಲ್ ಕಿತ್ತುಕೊಂಡಿದ್ದರೆ ರಸ್ತೆಯಷ್ಟೇ ಸುರಕ್ಷಿತವಾಗುತ್ತಿತ್ತು, ಮನೆಯಲ್ಲ.

ಶಿಕ್ಷೆಯ ಗಾತ್ರ ಇಲ್ಲಿ ಒಂದೆರಡು ರಾತ್ರಿಯ ಲಾಕಪ್ಪು, ಅಷ್ಟೇ. ಆದರೆ ಅದು ತಪ್ಪುವುದಿಲ್ಲ, ತಡವಾಗುವುದೂ ಇಲ್ಲ. ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಹೇಳಿದ ತರ್ಕವಿದು. ಬ್ರಿಟನ್ನಿನಲ್ಲಿ ಇದರ ಉಲ್ಟಾ ನಡೆಯಿತು: 1967ರಲ್ಲಿ ಊದಿಸುವ ಕಾನೂನು ಬಂದಾಗ ಅಪಘಾತಗಳು ತಟ್ಟನೆ ಇಳಿದವು, ಸಿಕ್ಕಿಬೀಳುವ ಸಂಭವ ಕಡಿಮೆಯೆಂದು ಚಾಲಕರಿಗೆ ಅರಿವಾದಂತೆ ಆ ಪರಿಣಾಮ ಕರಗಿತೆಂದು ಲಾರೆನ್ಸ್ ರಾಸ್ ಎಂಬ ಸಮಾಜವಿಜ್ಞಾನಿ ತೋರಿಸಿದ. ಹೊಸವರ್ಷದ ರಾತ್ರಿ ಮಾತ್ರ ಬ್ಯಾರಿಕೇಡ್ ಹಾಕುವವರು ಇದನ್ನು ಗಮನಿಸಬೇಕು.

ಹಾಗೆಂದು ಲಾಂಗ್‌ನ ಯೋಜನೆಯನ್ನು ಸಂಜೀವಿನಿ ಎಂದು ಮೆರೆಸುವವರನ್ನು ನಾನು ನಂಬುವುದಿಲ್ಲ. ಮಾದಕವಸ್ತು ಬಳಸುವ ಅಪರಾಧಿಗಳಿಗೆಂದು ಹವಾಯಿಯಲ್ಲಿ ಇದೇ ಸೂತ್ರದ ‘ಹೋಪ್’ ಯೋಜನೆ ಗೆದ್ದಿತ್ತು. ಬೇರೆ ನಾಲ್ಕು ರಾಜ್ಯಗಳಲ್ಲಿ ಅದನ್ನೇ ಪರೀಕ್ಷಿಸಿದಾಗ, 2016ರ ವರದಿಯ ಪ್ರಕಾರ, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಇನ್ನು ಆಸ್ಪತ್ರೆಯ ಮಾತು. ಊದುವ ಯೋಜನೆ ಚಿಕಿತ್ಸೆಯನ್ನು ಕಡ್ಡಾಯ ಮಾಡಿರಲಿಲ್ಲ. ಬಹುಪಾಲು ಜನಕ್ಕೆ ಅದರ ಅಗತ್ಯ ಬೀಳಲೂ ಇಲ್ಲ. ಆದರೆ ರಾತ್ರಿ ಲಾಕಪ್ಪಿನಲ್ಲಿ ಕಳೆದು ಬಂದೂ ಮರುವಾರ ಮತ್ತೆ ಫೇಲಾಗುವವನಿದ್ದಾನಲ್ಲ, ಅವನಿಗೆ ಇನ್ನೊಂದು ರಾತ್ರಿಯಿಂದ ಏನೂ ಆಗದು. ತೀವ್ರ ಚಟವಿದ್ದವರು ಥಟ್ಟನೆ ಬಿಟ್ಟರೆ ಕೈನಡುಕ, ಫಿಟ್ಸು, ಭ್ರಮೆ, ಜೀವಕ್ಕೇ ಅಪಾಯವಾಗಬಹುದು. ಅವನನ್ನು ನೋಡಬೇಕಾದವರು ಪೇದೆಯಲ್ಲ, ವೈದ್ಯರು. ಪರೀಕ್ಷೆಯೇ ಅವನನ್ನು ಗುರುತಿಸಿಕೊಡುತ್ತದೆ.

ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ 30 ಮಿಲಿಗ್ರಾಂ ಮೀರಿದವರಿಗೆಲ್ಲ ಒಂದೇ ಬಾಗಿಲು ತೋರಿಸುತ್ತದೆ: ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ದಂಡ, ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಅಥವಾ ಹದಿನೈದು ಸಾವಿರ, ಕೆಲವೊಮ್ಮೆ ಎರಡೂ. ಚಿಕಿತ್ಸೆಯ ಸೊಲ್ಲೇ ಇಲ್ಲ. ಚಟಗಳ ಚಿಕಿತ್ಸೆಗೆಂದೇ ಕೇಂದ್ರವಿರುವ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ಎರಡನೆಯ ಸಲ ಸಿಕ್ಕವನನ್ನು ಅಂಥ ಕಡೆ ಒಮ್ಮೆ ತಪಾಸಣೆಗೆ ಕಳಿಸಿ, ಆಮೇಲೆ ದಿನವೂ ಠಾಣೆಯಲ್ಲಿ ಊದಿಸಲು ಹೊಸ ಯಂತ್ರವೇನೂ ಬೇಕಿಲ್ಲ. ಟ್ರಾಫಿಕ್ ಪೊಲೀಸರ ಕೈಯಲ್ಲಿ ಈಗಾಗಲೇ ಇರುವುದೇ ಸಾಕು.