ಸಣ್ಣ ರಂಗವೇ ಮೊದಲ ಗುರು

ಹವ್ಯಾಸಿ ವಾದ್ಯತಂಡಕ್ಕೆ ಸಣ್ಣ ರಂಗವೇ ಮೊದಲ ಗುರುವೆಂಬುದಕ್ಕೆ ಇಂಗ್ಲೆಂಡಿನ ಬೀಟಲ್ಸ್ ತಂಡವೇ ಸಾಕ್ಷಿ. 1957ರ ಜುಲೈ 6ರಂದು ಲಿವರ್‌ಪೂಲ್ ನಗರದ ಇಗರ್ಜಿಯೊಂದರ ಉತ್ಸವದಲ್ಲಿ 16 ವರ್ಷದ ಜಾನ್ ಲೆನನ್ ಗೆಳೆಯರೊಡನೆ ಹಾಡಿದನು. ಅಂದೇ 15ರ ಪಾಲ್ ಮೆಕಾರ್ಟ್ನಿಯ ಪರಿಚಯವಾಯಿತು.

1960ರ ಆಗಸ್ಟ್‌ನಲ್ಲಿ ತಂಡವು ಜರ್ಮನಿಯ ಹ್ಯಾಂಬರ್ಗಿಗೆ ತೆರಳಿತು. ಚಿತ್ರಮಂದಿರದ ಹಿಂಬದಿಯ ಕತ್ತಲೆಗೋಣೆಯೇ ವಸತಿ. ಕುಡಿಯಲು ಬಂದವರೇ ಶ್ರೋತೃಗಳು. ಪ್ರತಿರಾತ್ರಿ ಗಂಟೆಗಟ್ಟಲೆ ನುಡಿಸಬೇಕಾದುದರಿಂದ ಹೊಸ ಹಾಡುಗಳನ್ನು ಕಲಿಯದೆ ಗತಿಯಿರಲಿಲ್ಲ. ನವೆಂಬರಿನಲ್ಲಿ 17ರ ಜಾರ್ಜ್ ಹ್ಯಾರಿಸನ್‌ನನ್ನು ಅಪ್ರಾಪ್ತವಯಸ್ಕನೆಂದು ಅಲ್ಲಿಂದ ಹೊರಗಟ್ಟಿದರು.

ಆದರೂ ಕಲಿತದ್ದು ವ್ಯರ್ಥವಾಗಲಿಲ್ಲ. ಡಿಸೆಂಬರ್ 27ರಂದು ಲಿವರ್‌ಪೂಲ್ ಸಮೀಪದ ಲಿದರ್‌ಲ್ಯಾಂಡ್ ಪುರಭವನದಲ್ಲಿ ಅವರು ನುಡಿಸಿದಾಗ ಜನರು ರಂಗದತ್ತ ನುಗ್ಗಿ ಬಂದರು.

ನಮ್ಮೂರ ಹುಡುಗರು ತಾಳ ತಪ್ಪಿದಾಗ ಎದ್ದುಹೋಗದೆ ಕುಳಿತು ಕೇಳುವುದೂ, ಹೆತ್ತವರೇ, ಒಂದು ವಿದ್ಯಾದಾನವೇ.