ಸರ್ಪಿಕೊ ಮತ್ತು ಪರಪ್ಪನ ಅಗ್ರಹಾರ

ಬೊಮ್ಮಸಂದ್ರದಿಂದ ಹೊಸೂರು ರಸ್ತೆಯಲ್ಲಿ ಬೆಂಗಳೂರು ನಗರದ ಕಡೆ ಬಂದರೆ, ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ಹೊಸ ರೋಡ್ ಬಳಿ ಪರಪ್ಪನ ಅಗ್ರಹಾರ ಜೈಲಿನ ದಾರಿ ಸಿಗುತ್ತದೆ. 2017ರ ಜುಲೈನಲ್ಲಿ ಕಾರಾಗೃಹ ಇಲಾಖೆಯ ಡಿಐಜಿ ಆಗಿದ್ದ ಡಿ. ರೂಪಾ, ಅಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ತಮಿಳುನಾಡಿನ ಎಐಎಡಿಎಂಕೆ ನಾಯಕಿ ವಿ.ಕೆ. ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ, ಅದಕ್ಕೆ ಎರಡು ಕೋಟಿ ರೂಪಾಯಿ ಲಂಚ ಸಂದಿದೆ ಎಂಬ ಮಾತಿದೆ ಎಂದು ವರದಿ ಕೊಟ್ಟರು. ಆರೋಪ ಹೊತ್ತ ಹಿರಿಯ ಅಧಿಕಾರಿ ಅದನ್ನು ಅಲ್ಲಗಳೆದರು. ವಾರದೊಳಗೆ ಇಬ್ಬರನ್ನೂ ಹುದ್ದೆಯಿಂದ ಸರಿಸಲಾಯಿತು. ದೂರಿದವರಿಗೂ ದೂರಿಗೆ ಒಳಗಾದವರಿಗೂ ಒಂದೇ ಮದ್ದು!

ಸಿಡ್ನಿ ಲುಮೆಟ್ ನಿರ್ದೇಶನದ 'ಸರ್ಪಿಕೊ' (1973) ಚಿತ್ರವನ್ನು ಈಗಲೂ ನೋಡಬೇಕಾದದ್ದು ಇದಕ್ಕೇ. ನ್ಯೂಯಾರ್ಕ್ ಪೊಲೀಸ್ ಫ್ರಾಂಕ್ ಸರ್ಪಿಕೊನ ನಿಜಕಥೆ ಅದು. ಪಾತ್ರ ಅಲ್ ಪಚಿನೊನದು. ನಮ್ಮ 'ಸಾಂಗ್ಲಿಯಾನ' (1988), 'ಪೊಲೀಸ್ ಸ್ಟೋರಿ' (1996) ಚಿತ್ರಗಳಲ್ಲಿ ಒಬ್ಬ ಖಡಕ್ ಅಧಿಕಾರಿ ಬಂದರೆ ಸಾಕು, ಊರು ಶುದ್ಧವಾಗುತ್ತದೆ. ಸಿಳ್ಳೆ ಹೊಡೆಯಲು ಅದು ಚೆನ್ನ. ಸರ್ಪಿಕೊ ಮಾತ್ರ ಯಾರನ್ನೂ ಗುದ್ದಿ ಗೆಲ್ಲುವುದಿಲ್ಲ. ಮಾಮೂಲಿ ಹಂಚಿಕೊಳ್ಳುವ ಸಹೋದ್ಯೋಗಿಗಳ ಬಗ್ಗೆ ಮೇಲಧಿಕಾರಿಗಳಿಗೆ, ಮೇಯರ್ ಕಚೇರಿಗೆ ಹೇಳುತ್ತ ಅಲೆಯುತ್ತಾನೆ. ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಯಾರೂ ಕದಲುವುದಿಲ್ಲ. 1970ರ ಏಪ್ರಿಲ್‌ನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಮುಖಪುಟದಲ್ಲಿ ಸುದ್ದಿ ಬಂದ ಮೇಲಷ್ಟೇ ಪೊಲೀಸ್ ಭ್ರಷ್ಟಾಚಾರ ವಿಚಾರಿಸುವ ನ್ಯಾಪ್ ಆಯೋಗ ಹುಟ್ಟಿತು. 1971ರ ಫೆಬ್ರುವರಿಯಲ್ಲಿ ಮಾದಕವಸ್ತು ದಾಳಿಯೊಂದರಲ್ಲಿ ಸರ್ಪಿಕೊನ ಮುಖಕ್ಕೆ ಗುಂಡು ಬಿತ್ತು; ಅದೇ ಡಿಸೆಂಬರ್‌ನಲ್ಲಿ ಆತ ಆಯೋಗದ ಮುಂದೆ ಸಾಕ್ಷಿ ಹೇಳಿದ. ಧೈರ್ಯಕ್ಕೆ ಕೊರತೆ ಇರಲಿಲ್ಲ. ಇಲಾಖೆಯ ಹಂಗಿಲ್ಲದೆ ದೂರು ವಿಚಾರಿಸುವ ಜಾಗವೇ ಇರಲಿಲ್ಲ.

ಶಿಸ್ತಿನ ಪಡೆಯವರು ಮಾಧ್ಯಮದ ಮುಂದೆ ಮಾತಾಡಬಹುದೇ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ರೂಪಾ ಮಾಧ್ಯಮದ ಮುಂದೆ ಮಾತಾಡಿದ್ದನ್ನು ಆಕ್ಷೇಪಿಸಿದ್ದೂ ನಿಯಮದ ಹೆಸರಿನಲ್ಲೇ. ಸುಳ್ಳು ಆರೋಪದಿಂದ ಮಾನ ಹೋದರೆ ಮತ್ತೆ ಬರುವುದಿಲ್ಲ, ನಿಜ. ಆದರೆ ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರ ವಿಚಾರಣಾ ಸಮಿತಿಯೂ ಜೈಲಿನ ವಿಶೇಷ ಸೌಲಭ್ಯಗಳನ್ನು ದೃಢಪಡಿಸಿತು. ಬಾಯಿ ಮುಚ್ಚು ಎನ್ನುವ ನಿಯಮಕ್ಕೆ ಬೆಲೆ ಬರಬೇಕಾದರೆ, ಒಳಗೆ ಹೇಳಿದ್ದು ವಿಚಾರಣೆಗೆ ಬರುತ್ತದೆ ಎಂಬ ಖಾತರಿ ಮೊದಲು ಬೇಕು. ಇಲ್ಲಿ ಆ ಖಾತರಿ ಇರಲಿಲ್ಲ: ಲಂಚದ ಆರೋಪ ಹೋದದ್ದು ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ), ಅಂದರೆ ಸರ್ಕಾರದ ಹಿಡಿತದಲ್ಲೇ ಇದ್ದ ಸಂಸ್ಥೆಗೆ. 2016ರಲ್ಲಿ ಅದನ್ನು ಸ್ಥಾಪಿಸಿದ ಆದೇಶವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಮಾಡಿ, ತನಿಖೆಯ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು.

ಆಯೋಗಗಳಿಂದಲೂ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ನ್ಯಾಪ್ ವರದಿಯಾಗಿ ಇಪ್ಪತ್ತು ವರ್ಷಕ್ಕೆ ನ್ಯೂಯಾರ್ಕ್ ಪೊಲೀಸರ ಮೇಲೆ ಮೊಲೆನ್ ಆಯೋಗ ಕೂರಬೇಕಾಯಿತು. ತಾತ್ಕಾಲಿಕ ಆಯೋಗ ಎದ್ದುಹೋದ ಮೇಲೆ ಮಾಮೂಲಿ ಮರಳುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಕಾಯಂ ವ್ಯವಸ್ಥೆಯ ವಾದ ಇದರಿಂದ ಬಲಗೊಳ್ಳುತ್ತದೆಯೇ ಹೊರತು ಬೀಳುವುದಿಲ್ಲ. ನಮ್ಮಲ್ಲಿ ಭ್ರಷ್ಟಾಚಾರ ಬಯಲಿಗೆಳೆಯುವವರ ರಕ್ಷಣೆಗೆಂದು ಸಂಸತ್ತು ಒಪ್ಪಿದ ಕಾಯ್ದೆಗೆ 2014ರ ಮೇ ತಿಂಗಳಲ್ಲೇ ರಾಷ್ಟ್ರಪತಿಗಳ ಅಂಕಿತ ಬಿತ್ತು. ರೂಪಾ ವರದಿ ಬರೆದಾಗ ಅದಕ್ಕೆ ಮೂರು ವರ್ಷ ತುಂಬಿತ್ತು, ಜಾರಿಯ ಅಧಿಸೂಚನೆ ಮಾತ್ರ ಹೊರಬಿದ್ದಿರಲಿಲ್ಲ.