ಬೇಸಿಗೆಯ ಶ್ರೀಶೈಲ ಪಾದಯಾತ್ರೆ: ಮೊದಲ ವಾರದ ಎಚ್ಚರಿಕೆ ಮತ್ತು ಗ್ರಾಮ ಪಂಚಾಯಿತಿಯ ಪಾತ್ರ

ಯುಗಾದಿಯ ವೇಳೆಗೆ ಶ್ರೀಶೈಲ ಮಲ್ಲಿಕಾರ್ಜುನನ ಸನ್ನಿಧಿಯನ್ನು ತಲುಪಲು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು ಮೊದಲಾದ ಜಿಲ್ಲೆಗಳಿಂದ ಸಾವಿರಾರು ಭಕ್ತರು ಪ್ರತಿವರ್ಷ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಕಂಬಿ ಹೊತ್ತ ತಂಡಗಳು ನೂರಾರು ಕಿಲೋಮೀಟರ್ ಕ್ರಮಿಸಿ, ಆತ್ಮಕೂರು ದಾಟಿ, ನಲ್ಲಮಲ ಅರಣ್ಯದ ದಾರಿಯಲ್ಲಿ ಬೆಟ್ಟವನ್ನೇರುತ್ತವೆ. ಯುಗಾದಿಯು ಮಾರ್ಚ್ ಉತ್ತರಾರ್ಧದಲ್ಲಿ ಅಥವಾ ಏಪ್ರಿಲ್ ಪೂರ್ವಾರ್ಧದಲ್ಲಿ ಬರುವುದರಿಂದ ಈ ಯಾತ್ರೆಯು ಬಿಸಿಲು ದಿನದಿಂದ ದಿನಕ್ಕೆ ಏರುವ ಕಾಲದಲ್ಲಿಯೇ ನಡೆಯುತ್ತದೆ.

ಯಾತ್ರೆಯ ಕಷ್ಟವೆಂದರೆ ಎಲ್ಲರ ಗಮನವೂ ನೀರು ವಿರಳವಾದ ಅರಣ್ಯದ ಹಾದಿಯತ್ತ ಹೋಗುವುದು ಸಹಜ. ಆದರೆ ಬಿಸಿಲಿನಿಂದ ದೇಹಕ್ಕೆ ಒದಗುವ ಅಪಾಯವು ಮೊದಲ ಕೆಲವು ದಿನಗಳಲ್ಲಿಯೇ ಹೆಚ್ಚು. ಆದ್ದರಿಂದ ಯಾತ್ರಿಕರು ಹೊರಡುವ ಊರಿನ ಗ್ರಾಮ ಪಂಚಾಯಿತಿಯ ಹೊಣೆಯು ದಾರಿಯ ಪಂಚಾಯಿತಿಗಳ ಹೊಣೆಗಿಂತ ಕಡಿಮೆಯದಲ್ಲ.

ಮೊದಲ ದಿನಗಳು ಏಕೆ ಅಪಾಯಕಾರಿ

ಬಿಸಿಲಿನಲ್ಲಿ ದುಡಿಯಲು ದೇಹವು ಹೊಂದಿಕೊಳ್ಳಬೇಕಾದರೆ 7ರಿಂದ 14 ದಿನಗಳು ಬೇಕು. ಈ ಅವಧಿಯಲ್ಲಿ ಬೆವರು ಬೇಗನೆ ಹಾಗೂ ಹೆಚ್ಚಾಗಿ ಬರಲಾರಂಭಿಸುತ್ತದೆ. ಬೆವರಿನಲ್ಲಿ ಹೋಗುವ ಉಪ್ಪಿನಂಶ ಕಡಿಮೆಯಾಗುತ್ತದೆ. ಹೃದಯದ ಮೇಲಿನ ಹೊರೆ ಇಳಿಯುತ್ತದೆ. ಇದಕ್ಕೆ ಮೊದಲೇ ದಿನಕ್ಕೆ 30–40 ಕಿಲೋಮೀಟರ್ ನಡೆದರೆ ದೇಹದೊಳಗಿನ ಶಾಖವು ಹೊರಹೋಗದೆ ಉಳಿಯುತ್ತದೆ. "ನಮ್ಮವರು ಹೊಲದಲ್ಲಿ ದುಡಿಯುವವರು, ಬಿಸಿಲು ಹೊಸದಲ್ಲ" ಎಂಬ ಮಾತು ಪೂರ್ಣ ಸತ್ಯವಲ್ಲ. ಬಿಸಿಲಿನ ಕೆಲಸ ನಿಂತ ಕೆಲವೇ ವಾರಗಳಲ್ಲಿ ಈ ಹೊಂದಾಣಿಕೆ ಕರಗಿಹೋಗುತ್ತದೆ. ಸುಗ್ಗಿಯ ನಂತರ ಮನೆಯಲ್ಲಿದ್ದವರು, ನಗರದಿಂದ ಬಂದು ತಂಡವನ್ನು ಸೇರುವವರು ಮತ್ತು 60 ವರ್ಷ ಮೀರಿದವರು ವಿಶೇಷವಾಗಿ ಜಾಗರೂಕರಾಗಿರಬೇಕು.

ಹೊರಡುವ ಊರಿನಲ್ಲಿ ಆಗಬೇಕಾದ ಕಾರ್ಯಗಳು

1. ಯಾತ್ರೆಗೆ 2 ವಾರ ಮೊದಲೇ ತಂಡದ ಹಿರಿಯರ ಸಭೆ ಕರೆದು, ದಿನವೂ ಒಂದು ಗಂಟೆಯಷ್ಟು ಕಾಲ ಎಳೆಬಿಸಿಲಿನಲ್ಲಿ ನಡೆದು ರೂಢಿ ಮಾಡಿಕೊಳ್ಳಲು ತಿಳಿಸುವುದು. ಮೊದಲ 3 ದಿನಗಳ ನಡಿಗೆಯನ್ನು ಮುಂದಿನ ದಿನಗಳ ಅರ್ಧದಷ್ಟಕ್ಕೆ ಮಿತಿಗೊಳಿಸಿ, ಬಳಿಕ ಕ್ರಮೇಣ ಹೆಚ್ಚಿಸುವಂತೆ ದಾರಿಯ ಲೆಕ್ಕವನ್ನು ಹಾಕಿಸುವುದು. ಇದರಿಂದ ಒಂದೆರಡು ದಿನ ಮೊದಲೇ ಹೊರಡಬೇಕಾಗಬಹುದು. ಆ ಒಂದೆರಡು ದಿನಗಳೇ ಜೀವರಕ್ಷಣೆಯ ದಿನಗಳು.

2. ಆಶಾ ಕಾರ್ಯಕರ್ತೆಯರ ನೆರವಿನಿಂದ ಯಾತ್ರಿಕರ ಹೆಸರು, ವಯಸ್ಸು, ಮನೆಯವರ ದೂರವಾಣಿ ಸಂಖ್ಯೆ ಮತ್ತು ಸೇವಿಸುತ್ತಿರುವ ಔಷಧಗಳ ಪಟ್ಟಿ ಸಿದ್ಧಪಡಿಸುವುದು. ರಕ್ತದೊತ್ತಡಕ್ಕೆ ನೀಡುವ ಕೆಲವು ಮಾತ್ರೆಗಳು ಮೂತ್ರದ ಪ್ರಮಾಣವನ್ನು ಹೆಚ್ಚಿಸಿ ದೇಹದ ನೀರನ್ನು ಕಡಿಮೆ ಮಾಡುತ್ತವೆ. ಅಂಥವರು, ಮಧುಮೇಹಿಗಳು ಹಾಗೂ ಹೃದ್ರೋಗಿಗಳು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡೇ ಹೊರಡಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

3. ನಡಿಗೆಯನ್ನು ಬೆಳಿಗ್ಗೆ 10 ಗಂಟೆಯೊಳಗೆ ನಿಲ್ಲಿಸಿ, ಸಂಜೆ 4.30ರ ನಂತರ ಮುಂದುವರಿಸಲು ಮನವರಿಕೆ ಮಾಡುವುದು. ಕತ್ತಲೆಯಲ್ಲಿ ನಡೆಯುವಾಗ ಬಿಸಿಲಿನ ಬದಲು ವಾಹನಗಳ ಅಪಾಯವಿರುತ್ತದೆ. ಆದ್ದರಿಂದ ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ ಸಾಲಾಗಿ ನಡೆಯಬೇಕು. ಸಾಲಿನ ಮೊದಲಿಗರ ಮತ್ತು ಕೊನೆಯವರ ಬಳಿ ಬ್ಯಾಟರಿ ದೀಪವಿರಬೇಕು. ಕಂಬಿಗೂ ಚೀಲಗಳಿಗೂ ಬೆಳಕನ್ನು ಪ್ರತಿಫಲಿಸುವ ಪಟ್ಟಿ ಅಂಟಿಸಬೇಕು.

4. ಬರಿಗಾಲಿನ ಹರಕೆ ಹೊತ್ತವರಿಗೆ ಹಗಲಿನ ಡಾಂಬರು ರಸ್ತೆಯು ಗಾಳಿಗಿಂತ ಬಹಳ ಹೆಚ್ಚು ಕಾದಿರುತ್ತದೆ ಎಂಬುದನ್ನು ತಿಳಿಸುವುದು. ಮೇಲಿನ ಸಮಯ ಪಾಲಿಸಿದಲ್ಲಿ ಹರಕೆಗೂ ಭಂಗವಿಲ್ಲ, ಪಾದಗಳಿಗೂ ರಕ್ಷಣೆ.

ದಾರಿಯ ಗ್ರಾಮಗಳಲ್ಲಿ ಆಗಬೇಕಾದ ಕಾರ್ಯಗಳು

ಬಿಸಿಲಿನ ನಡಿಗೆಯಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್‌ವರೆಗೆ ಬೆವರು ಹೋಗಬಹುದು. 200 ಜನರ ತಂಡವೊಂದು ಹಗಲು ತಂಗಿದರೆ ತಲಾ 3 ಲೀಟರಿನಂತೆ ಕುಡಿಯಲೆಂದೇ 600 ಲೀಟರ್ ನೀರು ಬೇಕು. ಸ್ನಾನ, ಶೌಚಕ್ಕೆ ಪ್ರತ್ಯೇಕ. ತಂಡ ಬರುವ ದಿನವನ್ನು ಹಿಂದಿನ ಊರಿನ ಪಂಚಾಯಿತಿಯಿಂದ ಮೊದಲೇ ತಿಳಿದುಕೊಂಡರೆ ನೀರುಗಂಟಿಯವರು ಟ್ಯಾಂಕ್ ತುಂಬಿಸಿ, ಕ್ಲೋರಿನೇಷನ್ ಮಾಡಿಸಲು ಅವಕಾಶವಾಗುತ್ತದೆ.

ಅರವಟ್ಟಿಗೆಯಲ್ಲಿ ಬರಿಯ ನೀರಷ್ಟೇ ಸಾಲದು. ಬೆವರಿನೊಡನೆ ಉಪ್ಪೂ ಹೋಗಿರುವಾಗ ಬರಿಯ ನೀರನ್ನೇ ವಿಪರೀತ ಕುಡಿದರೆ ರಕ್ತದ ಉಪ್ಪಿನಂಶ ಕುಸಿದು ತಲೆನೋವು, ವಾಂತಿ, ಗೊಂದಲ ಉಂಟಾಗಬಹುದು. ಉಪ್ಪು ಬೆರೆಸಿದ ಮಜ್ಜಿಗೆ ಮತ್ತು ಅಂಬಲಿ ಇದಕ್ಕೆ ಉತ್ತಮ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ನಮೂದಿಸಿದ ಪ್ರಮಾಣದ ನೀರಿನಲ್ಲಿಯೇ ಕರಗಿಸಬೇಕು. ಪೊಟ್ಟಣ ಇಲ್ಲದಿದ್ದಲ್ಲಿ 1 ಲೀಟರ್ ಶುದ್ಧ ನೀರಿಗೆ 6 ಮಟ್ಟ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಬೆರೆಸಬಹುದು; ಇಲ್ಲಿ ಚಮಚವೆಂದರೆ ಚಹಾದ ಚಮಚ. ಮೂತ್ರದ ಬಣ್ಣ ಗಾಢವಾಗಿದ್ದರೆ ನೀರು ಸಾಲುತ್ತಿಲ್ಲವೆಂದೇ ಅರ್ಥ.

ಶಾಲೆ, ಸಮುದಾಯ ಭವನ, ದೇವಸ್ಥಾನದ ಪ್ರಾಂಗಣಗಳನ್ನು ಹಗಲು 10ರಿಂದ 4.30ರವರೆಗೆ ನೆರಳಿಗಾಗಿ ತೆರೆದಿಡಬೇಕು. ತಗಡಿನ ಶೆಡ್ಡುಗಳು ಒಳಗೇ ಕಾಯುವುದರಿಂದ ಅವುಗಳಿಗಿಂತ ಮರದ ನೆರಳು ಲೇಸು. ದಾಸೋಹ ನಡೆಸುವ ಭಕ್ತರೊಂದಿಗೆ ಮಾತನಾಡಿ, ಊಟವನ್ನು ತಂಗುದಾಣದಲ್ಲಿಯೇ ಬಡಿಸಿದರೆ ಯಾತ್ರಿಕರು ಮಧ್ಯಾಹ್ನದ ಬಿಸಿಲಿನಲ್ಲಿ ಮುಂದಿನ ಊರಿಗೆ ಧಾವಿಸುವುದು ತಪ್ಪುತ್ತದೆ.

ಯಾತ್ರಿಕರು ಕುಸಿದಾಗ

ತಲೆಸುತ್ತು, ಸ್ನಾಯು ಸೆಳೆತ, ವಾಕರಿಕೆ ಕಂಡರೆ ನೆರಳಿನಲ್ಲಿ ಮಲಗಿಸಿ, ಓಆರ್‌ಎಸ್ ಕುಡಿಸಿ, ಆ ದಿನದ ನಡಿಗೆಯನ್ನು ನಿಲ್ಲಿಸಬೇಕು. ಮಾತು ತೊದಲುವುದು, ಅಸಂಬದ್ಧ ವರ್ತನೆ, ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವುದು ಕಂಡುಬಂದರೆ ಅದು ಶಾಖಾಘಾತ. ದೇಹದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರಿರುತ್ತದೆ. ಬೆವರು ಬರುತ್ತಿದೆಯೆಂದು ನಿರ್ಲಕ್ಷಿಸುವಂತಿಲ್ಲ. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಉಳಿದವರು ಮೈಮೇಲೆ ಧಾರಾಳವಾಗಿ ನೀರು ಸುರಿದು ಗಾಳಿ ಬೀಸಬೇಕು; ಕುತ್ತಿಗೆ, ಕಂಕುಳು, ತೊಡೆಸಂದಿಗಳಿಗೆ ಒದ್ದೆ ಬಟ್ಟೆ ಇಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಉಸಿರುಗಟ್ಟುವ ಅಪಾಯವಿದೆ. ಜ್ವರದ ಮಾತ್ರೆಯಿಂದ ಈ ಶಾಖ ಇಳಿಯದು. ಆಂಬುಲೆನ್ಸ್ ಬರುವವರೆಗೆ ಕಾಯುತ್ತ ಕುಳಿತರೆ ಅಮೂಲ್ಯ ನಿಮಿಷಗಳು ನಷ್ಟವಾಗುತ್ತವೆ. ತಂಪು ಮಾಡುವುದೇ ಮೊದಲ ಚಿಕಿತ್ಸೆ.

ಮಾನ್ಯ ಸದಸ್ಯರು ತಮ್ಮ ವಾರ್ಡಿನಿಂದ ಹೊರಡುವ ತಂಡಗಳ ದಿನಾಂಕವನ್ನು ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆಯಲ್ಲಿಯೇ ತಿಳಿಸಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹಾಗೂ ಆರೋಗ್ಯ ಸಿಬ್ಬಂದಿಯೊಡನೆ ಸಿದ್ಧತೆಯನ್ನು ನಿಗದಿಪಡಿಸಿಕೊಳ್ಳುವುದು ಸೂಕ್ತ. ತಂಡ ಊರು ಬಿಟ್ಟ ಮೇಲೂ ಮೊದಲ ಒಂದು ವಾರ ಪ್ರತಿದಿನ ಸಂಜೆ ಅದರ ಮುಖಂಡರಿಗೆ ಕರೆ ಮಾಡಿ ಎಲ್ಲರ ಯೋಗಕ್ಷೇಮ ವಿಚಾರಿಸಬೇಕು.